ಶವಪೆಟ್ಟಿಗೆಗಳ ಮೇಲಿನ ಧ್ವಜ

ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಎರಡನೆಯ ಮಹಾಯುದ್ಧದ ಕುರಿತು ಆರು ಸಂಪುಟಗಳ ಗ್ರಂಥವನ್ನು ರಚಿಸಿದರು. 1949ರಲ್ಲಿ ಪ್ರಕಟವಾದ ಎರಡನೆಯ ಸಂಪುಟದಲ್ಲಿ, ನಿನ್ನೆಯ ಮಿತ್ರರ ಮೇಲೆ ಗುಂಡಿನ ದಾಳಿ ನಡೆಸಲು ಅವರ ಸರಕಾರವೇ ಆಜ್ಞಾಪಿಸಿದ ಪ್ರಸಂಗವಿದೆ. ಅದನ್ನು ಓದುವಾಗ ನಡೆದುದನ್ನಷ್ಟೇ ಅಲ್ಲ, ಹೇಳಿರುವ ಬಗೆಯನ್ನೂ ತೂಗಿ ನೋಡಬೇಕು.

1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯೊಡನೆ ಕದನವಿರಾಮಕ್ಕೆ ಸಹಿ ಹಾಕಿತು. ಫ್ರೆಂಚ್ ನೌಕಾಪಡೆ ಹಿಟ್ಲರನ ಕೈಸೇರಿದರೆ ತನಗೆ ಉಳಿಗಾಲವಿಲ್ಲವೆಂಬ ಭೀತಿ ಬ್ರಿಟನ್ನಿಗಿತ್ತು. ಹಡಗುಗಳನ್ನು ಒಪ್ಪಿಸುವುದಿಲ್ಲವೆಂದು ಫ್ರೆಂಚ್ ನೌಕಾಧಿಪತಿ ದಾರ್ಲಾನ್ ಮಾತು ಕೊಟ್ಟಿದ್ದರು, ಲಂಡನ್ ನಂಬಲಿಲ್ಲ. ಜುಲೈ 3ರಂದು ಅಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್ ಬಂದರಿನೆದುರು ಅಡ್ಮಿರಲ್ ಸೊಮರ್ವಿಲ್ ಅವರ ಹಡಗುಗಳು ಬಂದು ನಿಂತವು. ನಮ್ಮೊಡನೆ ಹೋರಾಡಿ, ಬ್ರಿಟಿಷ್ ಬಂದರಿಗೆ ಬನ್ನಿ, ವೆಸ್ಟ್ ಇಂಡೀಸಿಗೆ ತೆರಳಿ, ಇಲ್ಲವೇ ಆರು ಗಂಟೆಗಳೊಳಗೆ ಹಡಗುಗಳನ್ನು ನೀವೇ ಮುಳುಗಿಸಿ ಎಂಬುದು ಷರತ್ತು. ಫ್ರೆಂಚ್ ಅಡ್ಮಿರಲ್ ಜೆನ್ಸೂಲ್ ತಮ್ಮ ಮೇಲಧಿಕಾರಿಗಳಿಗೆ ಕಳುಹಿಸಿದ ಸಂದೇಶದಲ್ಲಿ ವೆಸ್ಟ್ ಇಂಡೀಸಿನ ದಾರಿಯ ಪ್ರಸ್ತಾಪವೇ ಇರಲಿಲ್ಲ. ಸಂಜೆ ಆರರ ಸುಮಾರಿಗೆ ಫಿರಂಗಿಗಳು ಗುಡುಗಿದವು. ಒಂದು ಯುದ್ಧನೌಕೆ ಸ್ಫೋಟಗೊಂಡು ಮಗುಚಿತು. ಆ ದಿನ ಮತ್ತು ಮೂರು ದಿನಗಳ ಬಳಿಕ ನಡೆದ ದಾಳಿಗಳಲ್ಲಿ ಸುಮಾರು 1,300 ಫ್ರೆಂಚ್ ನಾವಿಕರು ಮಡಿದರು.

ಚರ್ಚಿಲ್ ತಮ್ಮ ನೋವನ್ನು ಮರೆಮಾಚುವುದಿಲ್ಲ. ಇಡೀ ಪ್ರಸಂಗವನ್ನು ಅವರು ಗ್ರೀಕ್ ದುರಂತ ನಾಟಕಕ್ಕೆ ಹೋಲಿಸುತ್ತಾರೆ. ಹೋಲಿಕೆ ಗಂಭೀರವಾಗಿದೆ, ಆದರೆ ಸಾಲದು. ಅಂಥ ನಾಟಕದಲ್ಲಿ ವಿಧಿಯೇ ಆಳುತ್ತದೆ. ಇಲ್ಲಿ ಗಡುವು ಹಾಕಿದವರು ಮನುಷ್ಯರು. ಅದೇ ದಿನಗಳಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಬ್ರಿಟಿಷ್ ಅಡ್ಮಿರಲ್ ಕನಿಂಗ್‌ಹ್ಯಾಮ್ ಮತ್ತು ಫ್ರೆಂಚ್ ಅಡ್ಮಿರಲ್ ಗೋಡ್‌ಫ್ರ್ವಾ ತಾಳ್ಮೆಯಿಂದ ಮಾತನಾಡಿ ರಕ್ತಪಾತವಿಲ್ಲದೆ ಒಪ್ಪಂದಕ್ಕೆ ಬಂದರು. ಅಲ್ಲಿ ಫ್ರೆಂಚ್ ಹಡಗುಗಳು ಬ್ರಿಟಿಷರ ಹಿಡಿತದ ಬಂದರಿನಲ್ಲೇ ಇದ್ದುದು ನಿಜ. 1942ರ ನವೆಂಬರ್ 27ರಂದು ಜರ್ಮನರು ತುಲೋನ್ ಬಂದರಿಗೆ ನುಗ್ಗಿದಾಗ ಫ್ರೆಂಚರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿ ಕೊಟ್ಟ ಮಾತನ್ನು ಉಳಿಸಿಕೊಂಡರು. 1940ರಲ್ಲಿ ಇದನ್ನು ಯಾರೂ ಅರಿತಿರಲಿಲ್ಲ. ಆದ್ದರಿಂದ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಉಳಿಯಲಿ.

ನಮ್ಮ ಆಕ್ಷೇಪವಿರುವುದು ಬೇರೆ ಕಡೆ. ವಿವರಣೆಯ ಕೊನೆಗೆ ಚರ್ಚಿಲ್, ತಾವು ಕೇಳಿದ ಕಥೆಯೊಂದನ್ನು ಹೇಳುತ್ತಾರೆ. ತುಲೋನಿನ ಸಮೀಪದ ಹಳ್ಳಿಯ ಎರಡು ರೈತ ಕುಟುಂಬಗಳು ಆ ದಾಳಿಯಲ್ಲಿ ತಮ್ಮ ಮಕ್ಕಳನ್ನು ಕಳೆದುಕೊಂಡಿದ್ದವು. ಅಂತ್ಯಸಂಸ್ಕಾರದಲ್ಲಿ ಫ್ರೆಂಚ್ ಧ್ವಜದ ಪಕ್ಕದಲ್ಲಿ ಬ್ರಿಟಿಷ್ ಧ್ವಜವನ್ನೂ ಶವಪೆಟ್ಟಿಗೆಗಳ ಮೇಲೆ ಹೊದಿಸಬೇಕೆಂದು ಆ ಕುಟುಂಬಗಳೇ ಕೇಳಿಕೊಂಡವಂತೆ. ಓದುವವರ ಕಣ್ಣು ತೇವಗೊಳ್ಳುತ್ತದೆ. ಆದರೆ ಆ ತಂದೆತಾಯಿಗಳ ಔದಾರ್ಯ ಅವರದು. ಅದನ್ನು ತನ್ನ ಬರಹದ ಮುಕ್ತಾಯಕ್ಕೆ ಅಲಂಕಾರವಾಗಿಸುವ ಹಕ್ಕು ಆಜ್ಞೆ ಕೊಟ್ಟವನಿಗಿಲ್ಲ. ಕ್ಷಮೆಯನ್ನು ಬೇಡಬಹುದು, ಪಡೆಯಬಹುದು. ತನಗೆ ತಾನೇ ಬರೆದುಕೊಳ್ಳಲಾಗದು. ಎರಡು ಮನೆಗಳು ಕ್ಷಮಿಸಿದವೆಂದು ಉಳಿದ ಮನೆಗಳ ಕಣ್ಣೀರು ಒರೆಸಿದಂತಾಗುವುದಿಲ್ಲ.

ಬಲಪ್ರಯೋಗ ಬೇಡವೆಂದು ಮೊದಲೇ ಸೂಚಿಸಿ, ಕೊನೆಗೆ ಆಜ್ಞೆಗೆ ತಲೆಬಾಗಿದ ಸೊಮರ್ವಿಲ್, ಪತ್ನಿಗೆ ಬರೆದ ಪತ್ರದಲ್ಲಿ ತಮ್ಮ ನಾಚಿಕೆಯನ್ನು ತೋಡಿಕೊಂಡರು. ಆ ಪತ್ರದ ನಾಚಿಕೆ ಗ್ರಂಥದ ಗಾಂಭೀರ್ಯಕ್ಕಿಂತ ಸತ್ಯಕ್ಕೆ ಹತ್ತಿರ. ಓದುಗರೇ, ಅನಿವಾರ್ಯವೆಂದು ಮಾಡಿದ ಗಾಯಗಳು ನಮ್ಮ ಕುಟುಂಬಗಳಲ್ಲಿಯೂ ಉಂಟು. ನೊಂದವರು ಧ್ವಜ ಹೊದಿಸುವ ತನಕ ಕಾಯುವುದೇ ನೋಯಿಸಿದವರ ಪಾಲಿನ ಧರ್ಮ.