ಬಿಸಿ ಬೀಟು, ತಣ್ಣನೆಯ ದನಿ

ಈ ಕಥೆ ನಿಮ್ಮ ಕಿವಿಗೂ ಬಿದ್ದಿರಬಹುದು. ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡುತ್ತಿದ್ದ ಇಂಗ್ಲೆಂಡಿನ ಜೋಡಿಯೊಂದು ತೊಂಬತ್ತರ ದಶಕದ ನಡುವಿಗೆ ಮೂಲೆ ಸೇರಿತ್ತು. ನ್ಯೂಯಾರ್ಕಿನ ಟಾಡ್ ಟೆರಿ ಎಂಬ ಡಿಜೆ ಅವರ 'ಮಿಸ್ಸಿಂಗ್' ಹಾಡಿಗೆ ಕ್ಲಬ್ಬಿನ ಬೀಟು ಕಟ್ಟಿಕೊಟ್ಟರು. ಹಾಡು ಬ್ರಿಟನ್ನಿನಲ್ಲಿ ಮೂರನೆಯ, ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತು. ಅಮೆರಿಕದ ಪಟ್ಟಿಯಲ್ಲಿ 55 ವಾರ ಕೂತಿತ್ತು. ರುಚಿ ಹತ್ತಿದ ಜೋಡಿ 1996ರಲ್ಲಿ ಇಡೀ ಆಲ್ಬಮ್ಮನ್ನೇ ಬೀಟಿನ ಮೇಲೆ ಹತ್ತಿಸಿತು. ಯಂತ್ರದ ತಣ್ಣನೆಯ ಲಯಕ್ಕೆ ಹಾಡುಗಾರ್ತಿಯ ಬೆಚ್ಚನೆಯ ದನಿ ಜೀವ ತುಂಬಿತು. ಮಂಗಳಂ.

ಜೋಡಿಯ ಹೆಸರು ಎವ್ರಿಥಿಂಗ್ ಬಟ್ ದ ಗರ್ಲ್. ಹಾಡುವವರು ಟ್ರೇಸಿ ಥಾರ್ನ್, ಸಂಗೀತ ಕಟ್ಟುವವರು ಬೆನ್ ವಾಟ್, ಆಲ್ಬಮ್ಮು 'ವಾಕಿಂಗ್ ವೂಂಡೆಡ್'. ಕಥೆಯ ಮೊದಲ ಭಾಗ ಅರೆಬರೆ ನಿಜ. ಕೊನೆಯ ಮಾತು ಪೂರ್ತಿ ತಲೆಕೆಳಗು. ಸೋಜಿಗವೆಂದರೆ ಈ ಆಲ್ಬಮ್ಮನ್ನು ಹೊಗಳುವವರೂ ತೆಗಳುವವರೂ ಆ ಕೊನೆಯ ಮಾತನ್ನೇ ಹಿಡಿದುಕೊಂಡಿದ್ದಾರೆ. ಹೊಗಳುವವರ ಪ್ರಕಾರ ಥಾರ್ನ್ ಅವರ ದನಿ ಯಂತ್ರವನ್ನು ಪಳಗಿಸಿತು. ತೆಗಳುವವರ ಪ್ರಕಾರ ಬೀದಿಯ ಒರಟು ಸಂಗೀತವನ್ನು ಒಗೆದು, ಇಸ್ತ್ರಿ ಮಾಡಿ, ಸೋಫಾದಲ್ಲಿ ಕಾಫಿ ಹೀರುವವರ ಮುಂದಿಟ್ಟಿತು. ಎರಡು ಕಡೆಯವರಿಗೂ ಯಂತ್ರ ತಣ್ಣಗಿದೆ, ದನಿ ಬೆಚ್ಚಗಿದೆ ಎಂಬುದರಲ್ಲಿ ಅನುಮಾನವೇ ಇಲ್ಲ. ನನಗೆ ಕೇಳಿಸುವುದು ಇದರ ತದ್ವಿರುದ್ಧ. ಈ ಆಲ್ಬಮ್ಮಿನಲ್ಲಿ ಬೇಯುತ್ತಿರುವುದು ಬೀಟು. ದನಿ ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಹಾಗಿದೆ. ಆಲ್ಬಮ್ಮು ನಿಂತಿರುವುದೇ ಈ ಅದಲುಬದಲಿನ ಮೇಲೆ.

ಮೊದಲು ಅರೆಬರೆ ನಿಜದ ವಿಚಾರ ಮುಗಿಸಿಬಿಡುತ್ತೇನೆ. ಇಬ್ಬರೂ ಭೇಟಿಯಾದದ್ದು ಎಂಬತ್ತರ ದಶಕದ ಆರಂಭದಲ್ಲಿ, ಹಲ್ ವಿಶ್ವವಿದ್ಯಾಲಯದಲ್ಲಿ. ತಂಡದ ಆ ವಿಚಿತ್ರ ಹೆಸರು ಅದೇ ಊರಿನ ಪೀಠೋಪಕರಣದ ಅಂಗಡಿಯೊಂದರ ಜಾಹೀರಾತಿನ ಮಾತು. 1984ರ 'ಈಡನ್' ಆಲ್ಬಮ್ಮಿನಲ್ಲಿ ಜಾಝ್ ಮತ್ತು ಬೋಸಾ ನೋವಾ. 1986ರಲ್ಲಿ ದೊಡ್ಡ ವಾದ್ಯವೃಂದ. ಆಮೇಲೆ ಅಮೆರಿಕಕ್ಕೆ ಹೋಗಿ ನಿರ್ಮಾಪಕ ಟಾಮಿ ಲಿಪ್ಯೂಮಾ ಜೊತೆಗೆ 1990ರ 'ದ ಲ್ಯಾಂಗ್ವೇಜ್ ಆಫ್ ಲೈಫ್', ಅದರಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು ಸಾಕ್ಷಾತ್ ಸ್ಟ್ಯಾನ್ ಗೆಟ್ಸ್. ಅಂದರೆ ಈ ಜೋಡಿ ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುತ್ತಲೇ ಬಂದಿತ್ತು. ಕ್ಲಬ್ಬನ್ನು ಹೊಕ್ಕಾಗ ಮಾತ್ರ ಅದು ಅವಕಾಶವಾದ ಆಗಿಬಿಟ್ಟಿತು. ಜಾಝಿಗೆ ಹೋದರೆ ಪ್ರಬುದ್ಧತೆ, ಕ್ಲಬ್ಬಿಗೆ ಹೋದರೆ ಹೊಟ್ಟೆಪಾಡು! ಇದರಲ್ಲಿ ಸಂಗೀತ ವಿಮರ್ಶೆಗಿಂತ ಜಾತಿಬುದ್ಧಿಯೇ ಹೆಚ್ಚು.

ತಿರುವು ಎಲ್ಲಿ ಎಂದು ಹುಡುಕಿದರೆ ಟಾಡ್ ಟೆರಿಗಿಂತ ಮೊದಲೇ ಸಿಗುತ್ತದೆ. 1994ರಲ್ಲಿ ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡಕ್ಕಾಗಿ ಥಾರ್ನ್ 'ಪ್ರೊಟೆಕ್ಷನ್' ಹಾಡಿದರು. ತಂಡದವರು ಮೊದಲು ಸಂಗೀತದ ಹಿನ್ನೆಲೆಯನ್ನು ಕಳಿಸಿದ್ದರು, ಅದರ ಮೇಲೆ ಥಾರ್ನ್ ಮಾತು ಮತ್ತು ರಾಗ ಕಟ್ಟಿದರು. ಅಲ್ಲಿಯವರೆಗೆ ಇವರ ಮನೆಯಲ್ಲಿ ಹಾಡು ಮೊದಲು ಹುಟ್ಟುತ್ತಿತ್ತು, ಅಲಂಕಾರ ಆಮೇಲೆ. ಇಲ್ಲಿ ಲಯ ಮೊದಲೇ ಬಂದು ಕೂತಿದೆ. ಹಾಡುವವರು ಅದರೊಳಗೆ ತಮಗೊಂದು ಜಾಗ ನೋಡಿಕೊಳ್ಳಬೇಕು. ಅದೇ ವರ್ಷದ 'ಆಂಪ್ಲಿಫೈಡ್ ಹಾರ್ಟ್' ಆಲ್ಬಮ್ಮಿನ ಮೂಲ 'ಮಿಸ್ಸಿಂಗ್' ಕೇಳಿ. ಅದರಲ್ಲೂ ಎಲೆಕ್ಟ್ರಾನಿಕ್ ಬೀಟು ಇದೆ, ಮೆಲ್ಲಗೆ. ಟೆರಿ ಮಾಡಿದ್ದು ದನಿಯನ್ನು ಇದ್ದಂತೆಯೇ ಬಿಟ್ಟು ಕೆಳಗಿನ ನೆಲವನ್ನು ಬದಲಿಸಿದ್ದು. ಸಣ್ಣ ಕೆಲಸವೇನಲ್ಲ, ಆದರೆ ಪುನರ್ಜನ್ಮ ಕೊಟ್ಟರು ಎನ್ನುವುದು ಅತಿಯಾಯಿತು.

ಈ ಪುನರ್ಜನ್ಮದ ಮಾತಿಗೆ ಇನ್ನೊಂದು ಕಾರಣವೂ ಇದೆ. 1992ರಲ್ಲಿ ವಾಟ್ ಅವರಿಗೆ ಚರ್ಗ್-ಸ್ಟ್ರಾಸ್ ಎಂಬ ಅಪರೂಪದ ಕಾಯಿಲೆ ಬಂದು, ಸಣ್ಣ ಕರುಳಿನ ಬಹುಭಾಗ ತೆಗೆಯಬೇಕಾಯಿತು, ಸಾವಿನ ಬಾಗಿಲವರೆಗೆ ಹೋಗಿಬಂದರು. ಆ ಅನುಭವದ ಪುಸ್ತಕ 'ಪೇಷಂಟ್' ಹೊರಬಂದದ್ದೂ 1996ರಲ್ಲೇ. ಹಾಗಾಗಿ ಆಲ್ಬಮ್ಮಿನ ಹೆಸರಲ್ಲಿರುವ 'ಗಾಯಾಳು'ವನ್ನು ಎಲ್ಲರೂ ಆಸ್ಪತ್ರೆಯ ಹಾಸಿಗೆಯಲ್ಲೇ ಹುಡುಕುತ್ತಾರೆ. ಪುಸ್ತಕ ಚೆನ್ನಾಗಿದೆ, ಓದಿ. ಆಲ್ಬಮ್ಮಿಗೆ ಅದನ್ನು ಕೀಲಿಕೈ ಮಾಡಿಕೊಳ್ಳಬೇಡಿ. ಇಲ್ಲಿನ ಗಾಯಗಳೆಲ್ಲ ಮುರಿದ ಸಂಬಂಧಗಳವು, ಹಳೆಯ ಫೋನ್ ನಂಬರುಗಳವು.

ಇನ್ನು ಬೀಟು. ಆಲ್ಬಮ್ಮಿನ ಒಳ್ಳೆಯ ಹಾಡುಗಳು ಡ್ರಮ್ ಅಂಡ್ ಬೇಸ್ ಲಯದವು: ಮೊದಲನೆಯ 'ಬಿಫೋರ್ ಟುಡೇ', ನಡುವಿನ 'ವಾಕಿಂಗ್ ವೂಂಡೆಡ್'. ಈ ಲಯದ ವೇಗ ಸುಮಾರಾಗಿ ನಿಮಿಷಕ್ಕೆ 160ರಿಂದ 175 ಬೀಟು. ಅಷ್ಟು ವೇಗದಲ್ಲಿ ಮಾತು ಉಚ್ಚರಿಸಲು ಹೋದರೆ ನಾಲಿಗೆ ತೊಡರುತ್ತದೆ. ಥಾರ್ನ್ ಅದರ ಅರ್ಧ ವೇಗದಲ್ಲಿ ಹಾಡುತ್ತಾರೆ. ನಮ್ಮ ಕಚೇರಿಗಳಿಗೆ ಹೋಗಿ ಅಭ್ಯಾಸವಿರುವವರಿಗೆ ಇದು ಹೊಸತಲ್ಲ. ಚೌಕ ಕಾಲದಲ್ಲಿ ಕೀರ್ತನೆ ಸಾಗುತ್ತಿರುವಾಗ ಮೃದಂಗದ ಬೆರಳು ಮೇಲ್ಕಾಲದಲ್ಲಿ ಓಡುವುದನ್ನು ಕೇಳಿಯೇ ಇರುತ್ತೀರಿ. ಆದರೆ ಅಲ್ಲಿ ಹಾಡುವವರು ಆಗಾಗ ಮೃದಂಗದವರ ಮುಖ ನೋಡಿ ನಗುತ್ತಾರೆ, ಇಬ್ಬರೂ ಸೇರಿ ಒಂದು ಕಡೆ ಇಳಿಯುತ್ತಾರೆ. ಇಲ್ಲಿ ಆ ಮಾತುಕತೆಯೇ ಇಲ್ಲ. ಕೆಳಗೆ ಡ್ರಮ್ಮು ಹುಚ್ಚು ಹಿಡಿದಂತೆ ಉರುಳುತ್ತಿದ್ದರೂ ದನಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

'ಬಿಫೋರ್ ಟುಡೇ'ಯಲ್ಲಿ ಹಾಡುವವಳು ಕೇಳುತ್ತಿರುವುದು ಸಣ್ಣದೇನಲ್ಲ. ನೆಪ ಬೇಡ, ಪ್ರೀತಿ ಬೇಕು, ಈಗಲೇ ಬೇಕು ಎನ್ನುತ್ತಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಆ 'ಈಗಲೇ'ಗೆ ತಾರಸ್ಥಾಯಿಗೆ ಹಾರಿ, ಕಂಪಿಸಿ, ಒಡೆದು ತೋರಿಸುತ್ತಿದ್ದರು. ಥಾರ್ನ್ ಅವರದು ತಗ್ಗಿನ ದನಿ, ಕಂಪನ ಬಹಳ ಕಡಿಮೆ. ಅವರು ಅದನ್ನು ಬಸ್ಸಿನ ಕಂಡಕ್ಟರ್ ಹತ್ತಿರ ಬರಬೇಕಾದ ಚಿಲ್ಲರೆ ಕೇಳಿದ ಹಾಗೆ ಕೇಳುತ್ತಾರೆ. ಮರ್ಯಾದೆಯಿಂದ, ಆದರೆ ಇಳಿಯುವ ಮೊದಲು ಕೊಡಲೇಬೇಕು ಎನ್ನುವಂತೆ. ಎದೆ ಹೊಡೆದುಕೊಳ್ಳುತ್ತಿರುವುದು, ಕೈ ನಡುಗುತ್ತಿರುವುದು ನಮಗೆ ಗೊತ್ತಾಗುವುದು ಕೆಳಗಿನ ಡ್ರಮ್ಮಿನಿಂದ. ಮುಖದಲ್ಲಿ ಏನೂ ತೋರಿಸದ ಮನುಷ್ಯರ ನಾಡಿ ಹಿಡಿದು ನೋಡಿದ ಹಾಗೆ.

ಹೋಲಿಸಿ ನೋಡಬೇಕೆಂದರೆ ಇದೇ ಲಯದ ಹಾಡು, ಗೋಲ್ಡಿ ಎಂಬ ಸಂಗೀತ ನಿರ್ಮಾಪಕರ 'ಇನ್ನರ್ ಸಿಟಿ ಲೈಫ್' ಇದೆ, 1994ರದು. ಹಾಡಿದವರು ಡಯಾನ್ ಶಾರ್ಲಮೇನ್. ಅಲ್ಲಿ ದನಿ ಬೀಟಿನ ಮೇಲೆ ರೆಕ್ಕೆ ಬಿಚ್ಚಿ ಹಾರುತ್ತದೆ. ಯಂತ್ರಕ್ಕೆ ದನಿ ಜೀವ ತುಂಬಿತು ಎಂಬ ಮಾತನ್ನು ಎಲ್ಲಾದರೂ ಹೇಳಲೇಬೇಕೆಂದಿದ್ದರೆ ಆ ಹಾಡಿಗೆ ಹೇಳಿ, ಸ್ವಲ್ಪವಾದರೂ ಒಪ್ಪುತ್ತದೆ. ಅದು ದೊಡ್ಡ ಹಾಡು. ಥಾರ್ನ್ ಮತ್ತು ವಾಟ್ ಅದನ್ನೇ ಮತ್ತೆ ಮಾಡಲು ಹೋಗಿದ್ದರೆ ಇವತ್ತು ಈ ಆಲ್ಬಮ್ಮಿನ ಬಗ್ಗೆ ಬರೆಯುವ ಅಗತ್ಯವಿರುತ್ತಿರಲಿಲ್ಲ.

ಸ್ವಲ್ಪ ಎಂದೆ. ಯಾಕೆಂದರೆ ಅಲ್ಲೂ 'ಯಂತ್ರ' ಎಂಬ ಪದ ತಪ್ಪು. ಡ್ರಮ್ ಅಂಡ್ ಬೇಸ್ ಮತ್ತು ಅದರ ತಾಯಿಯಾದ ಜಂಗಲ್ ಸಂಗೀತದ ಬುಡದಲ್ಲಿ ಇರುವುದು ಒಬ್ಬ ಮನುಷ್ಯನ ಕೈ. 1969ರಲ್ಲಿ ದ ವಿನ್ಸ್ಟನ್ಸ್ ಎಂಬ ಅಮೆರಿಕದ ತಂಡ 'ಆಮೆನ್, ಬ್ರದರ್' ಎಂಬ ಹಾಡನ್ನು ರೆಕಾರ್ಡಿನ ಹಿಂಬದಿಗೆ ತುಂಬಿತು. ಅದರ ನಡುವೆ ಎಲ್ಲ ವಾದ್ಯಗಳೂ ನಿಂತು, ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಆವರ್ತ ಡ್ರಮ್ ಬಾರಿಸುತ್ತಾರೆ. ಏಳು ಸೆಕೆಂಡೂ ಇಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಲಂಡನ್ನಿನ ಹುಡುಗರು ಆ ತುಣುಕನ್ನು ಸ್ಯಾಂಪ್ಲರಿಗೆ ಹಾಕಿ, ಚೂರು ಚೂರು ಕತ್ತರಿಸಿ, ವೇಗ ಏರಿಸಿ, ಹಿಂದುಮುಂದು ಜೋಡಿಸಿ ಒಂದು ಹೊಸ ಸಂಗೀತವನ್ನೇ ಕಟ್ಟಿದರು. ಅನುಮತಿಯಿಲ್ಲದೆ ಓಡುತ್ತಿದ್ದ ರೇಡಿಯೋ ಕೇಂದ್ರಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಸಾವಿರಾರು ಹಾಡುಗಳಲ್ಲಿ ಕೋಲ್ಮನ್ ಅವರ ಮಣಿಕಟ್ಟು ಇಂದಿಗೂ ಆಡುತ್ತಿದೆ. ಅವರಿಗೆ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಬಡತನದಲ್ಲೇ ತೀರಿಕೊಂಡರು. ಈ ಇತಿಹಾಸ ಗೊತ್ತಿರುವವರು 'ತಣ್ಣನೆಯ ಯಂತ್ರಲಯ' ಎಂದು ಬರೆಯುವಾಗ ಪೆನ್ನು ತಡವರಿಸಬೇಕು. ಇಲ್ಲಿ ಕೇಳಿಸುವ ತವಕ, ಎಡವುವಿಕೆ, ಮತ್ತೆ ಸಾವರಿಸಿಕೊಳ್ಳುವಿಕೆ ಎಲ್ಲ ಮೈಯಿಂದ ಬಂದದ್ದು. ಯಂತ್ರ ಮಾಡಿದ್ದು ಆ ಮೈಯನ್ನು ವೇಗಕ್ಕೆ ಒಡ್ಡಿದ್ದು.

ದನಿ ಎಂದರೆ ಮನಸ್ಸು, ತಾಳ ಎಂದರೆ ಬರೀ ಲೆಕ್ಕ ಎಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿ ಬೇರೂರಿದೆ. ಭಾವಗೀತೆಗೆ ಸ್ವಲ್ಪ ಜೋರು ಡ್ರಮ್ಸು ಸೇರಿದರೆ ಸಾಕು, ಭಾವ ಸತ್ತಿತು ಎಂದು ಗೊಣಗುವ ಹಿರಿಯರು ಪ್ರತಿ ಊರಿನಲ್ಲೂ ಇಬ್ಬರಾದರೂ ಸಿಗುತ್ತಾರೆ. ದನಿಯನ್ನೇ ಮನಸ್ಸೆಂದುಕೊಂಡು, ಹಾಡುವವರು ಹಾಡಿದ್ದನ್ನೆಲ್ಲ ಅವರ ಸ್ವಂತ ಹೃದಯದ ಪಂಚನಾಮೆ ಎಂದು ಕೇಳುಗರು ಓದಿಕೊಳ್ಳುವುದರ ಬಗ್ಗೆ ಥಾರ್ನ್ ಅವರೇ 2015ರ ತಮ್ಮ 'ನೇಕೆಡ್ ಅಟ್ ದ ಆಲ್ಬರ್ಟ್ ಹಾಲ್' ಪುಸ್ತಕದಲ್ಲಿ ಬರೆದಿದ್ದಾರೆ. ಹಾಡುಗಾರಿಕೆಯ ಬಗ್ಗೆ ಹಾಡುವವರೇ ಬರೆದ ಇಷ್ಟು ನಿಚ್ಚಳ ಪುಸ್ತಕಗಳು ಕಡಿಮೆ.

ತೆಗಳುವವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಜಂಗಲ್‌ನ ಕರ್ಕಶತೆ, ಎದೆಗೆ ಗುದ್ದುವ ತಗ್ಗಿನ ಬೇಸು, ಜಮೈಕಾ ಮೂಲದ ಸೌಂಡ್ ಸಿಸ್ಟಮ್ಮುಗಳ ಗದ್ದಲ ಈ ಆಲ್ಬಮ್ಮಿನಲ್ಲಿ ಇಲ್ಲ. ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದಾರೆ. ಶೀರ್ಷಿಕೆಯ ಹಾಡನ್ನು ಸ್ಪ್ರಿಂಗ್ ಹೀಲ್ ಜ್ಯಾಕ್ ಎಂಬ ತಂಡದ ಜೊತೆ ಕಟ್ಟಿದ್ದಾರೆ; ಅದು ಬ್ರಿಟನ್ನಿನ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಹೋಯಿತು, ಆಲ್ಬಮ್ಮು ನಾಲ್ಕನೆಯದಕ್ಕೆ. ಸೋಫಾ ಮತ್ತು ಕಾಫಿಯ ಮನೆಗಳಿಗೆ ಅದು ಖಂಡಿತ ತಲುಪಿತು. ತಲುಪಿದ ಮೇಲೆ ಅಲ್ಲಿ ಏನು ಮಾಡಿತು ಎನ್ನುವುದು ಪ್ರಶ್ನೆ. ಹಿನ್ನೆಲೆಯಲ್ಲಿ ಹಾಕಿಕೊಂಡು ಹರಟೆ ಹೊಡೆಯಲು ನಾನು ಯತ್ನಿಸಿದ್ದೇನೆ. ಐದನೆಯ ಹಾಡಿನ ಹೊತ್ತಿಗೆ ಮಾತು ನಿಲ್ಲುತ್ತದೆ. ಅಷ್ಟು ಸಮಾಧಾನದ ದನಿ, ಅಷ್ಟು ಅಸಮಾಧಾನದ ಡ್ರಮ್ಮಿನ ಮೇಲೆ ಕೂತಿರುವುದನ್ನು ಕೇಳುತ್ತ ಬಿಸ್ಕತ್ತು ಅದ್ದಿ ತಿನ್ನುವುದು ಕಷ್ಟ.

ಅವಕಾಶವಾದದ ಆರೋಪಕ್ಕೆ ಉತ್ತರ ಆಮೇಲಿನ ವರ್ಷಗಳಲ್ಲಿದೆ. ವಾಟ್ 1998ರಿಂದ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ 'ಲೇಜಿ ಡಾಗ್' ಎಂಬ ಕ್ಲಬ್ ಕೂಟ ನಡೆಸಿದರು, 2003ರಲ್ಲಿ 'ಬಝಿನ್ ಫ್ಲೈ' ಎಂಬ ಸ್ವಂತ ಲೇಬಲ್ ತೆರೆದರು. ಜೋಡಿ ಆಲ್ಬಮ್ ಮಾಡುವುದನ್ನು ನಿಲ್ಲಿಸಿದ ಮೇಲೂ ಆತ ಬೇರೆಯವರ ರೆಕಾರ್ಡುಗಳನ್ನು ನುಡಿಸುತ್ತ, ಹೊರತರುತ್ತ ಅಲ್ಲೇ ಇದ್ದರು. ಹಬ್ಬದೂಟಕ್ಕೆ ಬಂದವರು ಪಾತ್ರೆ ತೊಳೆಯಲು ನಿಲ್ಲುವುದಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಎರಡನೆಯ ಹಾಡು 'ರಾಂಗ್' ದೊಡ್ಡ ಹಿಟ್, ಬ್ರಿಟನ್ನಿನಲ್ಲಿ ಎಂಟನೆಯ ಸ್ಥಾನ. ಅದರದು ಹೌಸ್ ಸಂಗೀತದ ನಾಲ್ಕೆಣಿಕೆಯ ನೇರ ಬೀಟು. ಅಲ್ಲಿ ದನಿಗೂ ಲಯಕ್ಕೂ ಜಗಳವಿಲ್ಲ, ಇಬ್ಬರೂ ಕೈಹಿಡಿದು ನಡೆಯುತ್ತಾರೆ. 'ಮಿಸ್ಸಿಂಗ್' ಗೆದ್ದ ಗುಟ್ಟನ್ನು ಇನ್ನೊಮ್ಮೆ ಬಳಸಿದಂತಿದೆ. ಹಳೆಯ ಕಥೆ ನಿಜವಾಗಿ ಒಪ್ಪುವುದು ಈ ಒಂದು ಹಾಡಿಗೆ. ಇನ್ನು 'ಸಿಂಗಲ್' ನನ್ನ ವಾದಕ್ಕೇ ತೊಡಕು. ಹೋಟೆಲಿನಿಂದ ಫೋನ್ ಮಾಡುತ್ತ, ಒಂಟಿಯಾಗಿರುವುದೇ ಮೇಲೋ ಏನೋ ಎಂದು ಲೆಕ್ಕ ಹಾಕುವ ಹಾಡು ಅದು. ಬೀಟು ನಿಧಾನ, ದನಿಯೂ ನಿಧಾನ. ಕೆಳಗೆ ಯಾವ ನಾಡಿಯೂ ಓಡುತ್ತಿಲ್ಲ. ಆದರೂ ಹಾಡು ಗೆಲ್ಲುತ್ತದೆ, ಬರಹದ ಬಲದಿಂದ. ಇದಕ್ಕೆ ನನ್ನ ಬಿಸಿ-ತಣ್ಣನೆಯ ಸೂತ್ರ ಕೆಲಸಕ್ಕೆ ಬರುವುದಿಲ್ಲ, ಇರಲಿ.

1999ರ 'ಟೆಂಪರಮೆಂಟಲ್' ಆದಮೇಲೆ ಜೋಡಿ 24 ವರ್ಷ ಸುಮ್ಮನಿದ್ದು, 2023ರಲ್ಲಿ 'ಫ್ಯೂಸ್' ತಂದಿತು. ಅದರ 'ವೆನ್ ಯೂ ಮೆಸ್ ಅಪ್' ಹಾಡಿನಲ್ಲಿ ಥಾರ್ನ್ ಅವರ ದನಿಯನ್ನೇ ಕಂಪ್ಯೂಟರಿಗೆ ಒಡ್ಡಿ ತಿರುಚಿದ್ದಾರೆ. ಅಭಿಮಾನಿಗಳಲ್ಲಿ ಕೆಲವರು ಬೆಚ್ಚಿದರಂತೆ. ವಯಸ್ಸಾಗಿ ಇನ್ನಷ್ಟು ಆಳಕ್ಕಿಳಿದ ಆ ದನಿ ಒಂದು ಕ್ಷಣ ಸೀಳಿ, ಬೇರೆ ಯಾರದ್ದೋ ಆಗಿ, ಮತ್ತೆ ತನ್ನದಾಗುತ್ತದೆ. 1996ರಲ್ಲಿ ಡ್ರಮ್ಮಿಗೆ ವಹಿಸಿದ್ದ ನಡುಕ ಕೊನೆಗೂ ಗಂಟಲಿಗೆ ಬಂತು. ಅದನ್ನು ಬರಮಾಡಿಕೊಳ್ಳಲು ಬೇಕಾದದ್ದು ಒಂದು ಯಂತ್ರ.

'ವಾಕಿಂಗ್ ವೂಂಡೆಡ್' ಈಗ ಸುಲಭವಾಗಿ ಸಿಗುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಬೇಡ; ಬೇಸು ಕೇಳಿಸದಿದ್ದರೆ ಅರ್ಧ ಆಲ್ಬಮ್ಮೇ ಹೋದಂತೆ. ಐದನೆಯ ಹಾಡಿಗೆ ತೊಡೆಯ ಮೇಲೆ ತಾಳ ಹಾಕಿ, ನಿಮ್ಮ ಕೈ ದನಿಯ ಹಿಂದೆ ಹೋಗುತ್ತದೋ ಡ್ರಮ್ಮಿನ ಹಿಂದೋ ನೋಡಿ. ಕೊನೆಯಲ್ಲಿ ಸೇರಿಸಿರುವ ಎರಡು ರೀಮಿಕ್ಸುಗಳು ಬೇಕಿಲ್ಲ. ಒಂಬತ್ತನೆಯ ಹಾಡಿಗೆ ನಿಲ್ಲಿಸಿಬಿಡಿ.