ವಸೂಲಿಯಾಯಿತು, ರೈತ ಎದ್ದನೇ?

ಸಾಲ ವಸೂಲಿ ಚೆನ್ನಾಗಿದ್ದರೆ ರೈತನೂ ಚೆನ್ನಾಗಿದ್ದಾನೆ. ಹಳ್ಳಿಯ ಸಹಕಾರ ಸಂಘದ ವಾರ್ಷಿಕ ಸಭೆಯಿಂದ ಬೆಂಗಳೂರಿನ ಬ್ಯಾಂಕರುಗಳ ಸಭೆಯವರೆಗೆ ಈ ಮಾತಿಗೆ ಎದುರಾಡುವವರಿಲ್ಲ. ವಸೂಲಿ ಶೇಕಡ ತೊಂಬತ್ತು ದಾಟಿದರೆ ಚಪ್ಪಾಳೆ. ಕೆಳಗಿಳಿದರೆ, ಮನ್ನಾದ ಆಸೆಗೆ ಬಿದ್ದು ರೈತ ಕೆಟ್ಟ ಎಂಬ ಷರಾ. ಆದರೆ ಗಡುವು ಮುಗಿಯುವ ವಾರದಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಯಾವುದಾದರೂ ಸೊಸೈಟಿಯ ಕಟ್ಟೆಯ ಮೇಲೆ ಕೂತವರಿಗೆ ಆ ತೊಂಬತ್ತರ ಒಳಗುಟ್ಟು ತಿಳಿಯುತ್ತದೆ.

ಅಲ್ಲಿ ನಡೆಯುವುದಕ್ಕೆ ಜನ ಇಟ್ಟುಕೊಂಡ ಹೆಸರು ‘ತಿರುವಿ ಹಾಕೋದು’. ರಾಜ್ಯದಲ್ಲಿ ಸಹಕಾರ ಸಂಘಗಳ ಬೆಳೆಸಾಲಕ್ಕೆ ಬಡ್ಡಿಯಿಲ್ಲ. 3 ಲಕ್ಷವಿದ್ದ ಅದರ ಮಿತಿಯನ್ನು 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಷರತ್ತು ಒಂದೇ, ಗಡುವಿನೊಳಗೆ ಕಟ್ಟಬೇಕು. ತಪ್ಪಿದರೆ ಸೊನ್ನೆ ಬಡ್ಡಿಯೂ ಹೋಯಿತು, ಮುಂದಿನ ಹಂಗಾಮಿನ ಸಾಲವೂ ಹೋಯಿತು. ಗೋವಿನಜೋಳ ಮಾರಿದ ದುಡ್ಡು ಮನೆಯಲ್ಲಿ ಉಳಿದಿರುವುದಿಲ್ಲ. ಆಗ ದಲಾಲಿ ಅಂಗಡಿಯಲ್ಲೋ ಊರ ಸಾಹುಕಾರನಲ್ಲೋ ಕೆಲವೇ ದಿನದ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ರಸೀದಿ ಹಿಡಿದು, ಹೊಸ ಸಾಲ ಮಂಜೂರಾದ ಕೂಡಲೇ ಅದನ್ನು ಎತ್ತಿ ಸಾಹುಕಾರನಿಗೆ ಮುಟ್ಟಿಸುವುದು. ಕಡತದಲ್ಲಿ ಇದು ಎರಡು ಸಾಧನೆ: ಒಂದು ವಸೂಲಿ, ಒಂದು ವಿತರಣೆ. ರೈತನ ಪಾಲಿಗೆ ಅದೇ ಹಳೆಯ ಸಾಲ, ಮೇಲೊಂದಿಷ್ಟು ಕೈಬಡ್ಡಿ. ಎಲ್ಲರೂ ಹೀಗೆಯೇ ಕಟ್ಟುತ್ತಾರೆಂದು ನಾನು ಹೇಳುತ್ತಿಲ್ಲ. ಹೀಗೆ ಕಟ್ಟಿದವನನ್ನೂ ಬೆಳೆ ಮಾರಿ ಕಟ್ಟಿದವನನ್ನೂ ಬೇರೆ ಮಾಡಿ ತೋರಿಸುವ ಅಂಕಣ ಯಾವ ವರದಿಯಲ್ಲೂ ಇಲ್ಲ ಎನ್ನುತ್ತಿದ್ದೇನೆ.

ಈ ಸೀಮೆಯ ಇತ್ತೀಚಿನ ವರ್ಷಗಳನ್ನು ಒಮ್ಮೆ ನೆನೆಯೋಣ. ಭತ್ತಕ್ಕೆ ಹೆಸರಾಗಿದ್ದ ಹಾನಗಲ್ಲಿನಲ್ಲೂ ಈಗ ಕಣ್ಣಿಗೆ ಬೀಳುವುದು ಗೋವಿನಜೋಳ. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಫಾಲ್ ಸೈನಿಕ ಹುಳು ಪತ್ತೆಯಾದದ್ದು ಹಿರೇಕೆರೂರಿನ ಪಕ್ಕದ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ. ಅಂದಿನಿಂದ ಔಷಧಿ ಸಿಂಪಡಣೆಯ ಖರ್ಚು ಖಾಯಂ ಆಯಿತು. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ದಂಡೆಯ ಹೊಲಗಳ ಮೇಲೆ ಹರಿದಳು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2025ರಲ್ಲಿ ಮಳೆ ಕೊಟ್ಟಿತು, ಬೆಳೆಯೂ ಬಂತು, ಬೆಲೆ ಕೈಕೊಟ್ಟಿತು: ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಪೇಟೆಯಲ್ಲಿ ಕೇಳಿದ್ದು ಎರಡು ಸಾವಿರದ ಕೆಳಗೆ. ಇಷ್ಟರ ನಡುವೆಯೂ ಸಾಲದ ಗಡುವು ವರ್ಷಕ್ಕೊಮ್ಮೆ ಬಂದೇ ಬಂತು. ಇಂಥ ವರ್ಷದಲ್ಲೂ ವಸೂಲಿ ಕುಗ್ಗಲಿಲ್ಲವೆಂದರೆ ಆ ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಕಾದವರು ಶಹಬ್ಬಾಸ್ ಎನ್ನುತ್ತಾರೆ.

ವಸೂಲಿಯ ಉತ್ಸಾಹ ಚೇತರಿಕೆಯನ್ನೇ ನುಂಗಿದ ಉದಾಹರಣೆ ದೂರದ್ದಲ್ಲ. ವಿಪತ್ತು ಪರಿಹಾರದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಹಿಡಿದರೆ ಸುಮಾರು 3,440. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಬಲ್ಲವರಿಗೆ ಇದು ಎಷ್ಟರ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. 2024ರ ಬೇಸಿಗೆಯಲ್ಲಿ ಈ ಹಣ ಖಾತೆಗೆ ಬಿದ್ದಾಗ ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಳ್ಳತೊಡಗಿದವು. ಹಾಗೆ ಮಾಡಬೇಡಿ ಎಂದು ಸರಕಾರವೇ ಹೇಳಬೇಕಾಯಿತು. ಬಿತ್ತನೆಗೆಂದು ಬಂದ ದುಡ್ಡು ವಸೂಲಿಯ ಲೆಕ್ಕಕ್ಕೆ ಸೇರಿದ ದಿನ ಬ್ಯಾಂಕಿನ ಅಂಕಿ ಏರಿತು, ಹೊಲ ಬೀಳಾಯಿತು.

ಹಾಗಾದರೆ ಮನ್ನಾ ಮಾಡಿಬಿಡಿ ಎನ್ನುವವರ ಪರ ನಾನಿದ್ದೇನೆಯೇ? ಇಲ್ಲ. 2017ರಲ್ಲಿ ಸಿದ್ದರಾಮಯ್ಯನವರ ಸರಕಾರ ಸಹಕಾರಿ ಬೆಳೆಸಾಲವನ್ನು 50 ಸಾವಿರದವರೆಗೆ, 2018ರಲ್ಲಿ ಕುಮಾರಸ್ವಾಮಿಯವರ ಸರಕಾರ ಸಹಕಾರಿ ಬೆಳೆಸಾಲವನ್ನು 1 ಲಕ್ಷದವರೆಗೆ, ವಾಣಿಜ್ಯ ಬ್ಯಾಂಕುಗಳ ಬೆಳೆಸಾಲವನ್ನು 2 ಲಕ್ಷದವರೆಗೆ ಮನ್ನಾ ಮಾಡಿದವು. ಕೇಂದ್ರದ 2008ರ ಮನ್ನಾವನ್ನು ಮಹಾಲೇಖಪಾಲರು ಪರಿಶೀಲಿಸಿ 2013ರಲ್ಲಿ ವರದಿ ಕೊಟ್ಟಾಗ, ನೋಡಿದ ಖಾತೆಗಳಲ್ಲಿ ಐದಕ್ಕೊಂದಕ್ಕಿಂತ ಹೆಚ್ಚಿನವುಗಳಲ್ಲಿ ಲೋಪ ಸಿಕ್ಕಿತ್ತು. ನನ್ನ ತಕರಾರು ಲೋಪದ ಬಗ್ಗೆಯೂ ಅಲ್ಲ. ಬ್ಯಾಂಕಿನವರಂತೆ ಮನ್ನಾದವರೂ ನೋಡುವುದು ಪಾಸ್‌ಬುಕ್ಕನ್ನೇ. ಒಬ್ಬರಿಗೆ ಕಟ್ಟಿಸಿಕೊಂಡು ಸೊನ್ನೆಯಾದರೆ ಸಮಾಧಾನ, ಇನ್ನೊಬ್ಬರಿಗೆ ಅಳಿಸಿ ಸೊನ್ನೆಯಾದರೆ. ಸಾಹುಕಾರನ ಚೀಟಿ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಲಾವಣಿಗೆ ಹೊಲ ಹಿಡಿದು ಉಳುವವನ ಹೆಸರು ಪಹಣಿಯಲ್ಲೇ ಇಲ್ಲವಾದ್ದರಿಂದ ಅವನಿಗೆ ಬೆಳೆಸಾಲವೂ ಇಲ್ಲ, ಮನ್ನಾವೂ ಇಲ್ಲ. ಅವನ ಮನೆಯ ಹೆಂಗಸರು ಹಿಡಿದಿರುವ ಕಿರುಸಾಲದ ವಾರದ ಕಂತು ಮಾತ್ರ ತಪ್ಪುವುದಿಲ್ಲ. ವಸೂಲಿ ಶೇಕಡ ನೂರರ ಹತ್ತಿರವೆಂದು ಬೀಗಿದ್ದ ಆ ವ್ಯವಹಾರದ ಕಿರುಕುಳ ತಡೆಯಲು ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು.

ಸರ್ವಜ್ಞನ ಸಾಲದ ತ್ರಿಪದಿಯನ್ನು ಉದುರಿಸುವವರು ಇಲ್ಲಿ ಬೇಗ ಸಿಗುತ್ತಾರೆ. ಅಬಲೂರು, ಮಾಸೂರು ಎರಡೂ ಅವನ ಹೆಸರಿಗೆ ಅಂಟಿಕೊಂಡ ಊರುಗಳಲ್ಲವೇ. ತರುವಾಗ ಸುಖ, ತೀರಿಸುವಾಗ ಸಂಕಟ ಎಂಬ ಅದರ ತಿರುಳನ್ನು ರೈತನ ಮೈಗಳ್ಳತನಕ್ಕೆ ಸಾಕ್ಷಿ ಮಾಡುವುದು ಅನ್ಯಾಯ. ಗೊಬ್ಬರದ ಚೀಲಕ್ಕೆ ಮಾಡಿದ ಸಾಲದಲ್ಲಿ ತರುವಾಗಿನ ಸುಖ ಯಾವುದು?

‘ರಿಕವರಿ’ ಈಗ ನಮ್ಮ ಹಳ್ಳಿಯ ಮಾತೇ. ಬ್ಯಾಂಕಿನವರು ರಿಕವರಿಗೆ ಬಂದರು, ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಮಾವ ರಿಕವರಿ ಆದರು, ಎರಡನ್ನೂ ಒಂದೇ ಬಾಯಲ್ಲಿ ಆಡುತ್ತೇವೆ. ಎರಡರ ಗೊಂದಲ ಮಾತ್ರ ಯಾರಿಗೂ ಇಲ್ಲ. ಗೊಂದಲವಿರುವುದು ನೀತಿ ಮಾಡುವವರಿಗೆ, ಅದೂ ರೈತನ ವಿಷಯದಲ್ಲಷ್ಟೇ. ಕಂಪನಿಗಳಿಗೆಂದು 2016ರಲ್ಲಿ ದಿವಾಳಿ ಸಂಹಿತೆ ತಂದರಲ್ಲ, ಅದು ಬರೀ ಸಾಲ ವಸೂಲಿಯ ಕಾನೂನಲ್ಲ, ಮುಳುಗುವ ಕಂಪನಿಯನ್ನು ಮತ್ತೆ ಕಾಲ ಮೇಲೆ ನಿಲ್ಲಿಸಲು ಇರುವುದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೊದಲು ಎಬ್ಬಿಸು, ಆಮೇಲೆ ಕೇಳು. ಈ ಕ್ರಮ ಕಾರ್ಖಾನೆಗೆ ಸರಿ, ಹೊಲಕ್ಕೆ ಯಾಕಲ್ಲ?

ಹೊಲಕ್ಕೂ ಇದೆ, ಕಾಗದದಲ್ಲಿ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಂತೆ, ಪ್ರಕೃತಿ ವಿಕೋಪದಲ್ಲಿ ಬೆಳೆ ನಷ್ಟ ಶೇಕಡ 33 ದಾಟಿದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಮಾರ್ಪಡಿಸಿ ಎರಡು ವರ್ಷದವರೆಗೆ, ಶೇಕಡ 50 ದಾಟಿದರೆ ಐದು ವರ್ಷದವರೆಗೆ ಕಂತು ಹಂಚಬಹುದು. ಆದರೆ ಹಾಗೆ ಮಾರ್ಪಡಿಸಿದ ಸಾಲ ಸೊನ್ನೆ ಬಡ್ಡಿಯ ಬೆಳೆಸಾಲವಾಗಿ ಉಳಿಯುವುದಿಲ್ಲ, ವಸೂಲಿಯ ಅಂಕಿಗೂ ಶೋಭೆ ತರುವುದಿಲ್ಲ. ಆದ್ದರಿಂದ ರೈತನಿಗೂ ತಿರುವಿ ಹಾಕುವುದೇ ಸಲೀಸು, ಸಂಘಕ್ಕೂ ಅದೇ ಸಲೀಸು. ಮಾರ್ಪಡಿಸಿದ ಸಾಲಕ್ಕೂ ಪೂರ್ತಿ ಅವಧಿಗೆ ಸೊನ್ನೆ ಬಡ್ಡಿ ಮುಂದುವರಿಸಿದರೆ ಇಬ್ಬರ ಲೆಕ್ಕವೂ ಬದಲಾಗುತ್ತದೆ. ಜೊತೆಗೆ ಸೊಸೈಟಿಯ ವಾರ್ಷಿಕ ವರದಿಯಲ್ಲಿ ವಸೂಲಿಯ ಪಕ್ಕಕ್ಕೆ ಒಂದು ಅಂಕಣ ಹೆಚ್ಚಾಗಲಿ: ಕಟ್ಟಿದ ಹದಿನೈದೇ ದಿನದಲ್ಲಿ ಅಷ್ಟೇ ಮೊತ್ತ ಮತ್ತೆ ಎತ್ತಿದವರೆಷ್ಟು? ಇದಕ್ಕೆ ಹೊಸ ಸಮೀಕ್ಷೆ ಬೇಡ. ಎರಡೂ ತಾರೀಖು ಕಾರ್ಯದರ್ಶಿಯ ಕಡತದಲ್ಲೇ ಇವೆ.