ಚಿತ್ರದಲ್ಲಿಲ್ಲದ ಅಜ್ಜ

ಹಳೆಯ ಚಿತ್ರಗಳು ಬರಹಗಾರರಿಗೆ ಸ್ಫೂರ್ತಿ ಕೊಡುತ್ತವೆ ಎನ್ನುವುದು ಹೊಸ ಮಾತೇನಲ್ಲ. ಆದರೆ ಆ ಸ್ಫೂರ್ತಿ ಚಿತ್ರದಲ್ಲಿ ಇರುವುದರಿಂದ ಬರುತ್ತದೆಯೋ, ಇಲ್ಲದ್ದರಿಂದ ಬರುತ್ತದೆಯೋ? ಅಮೆರಿಕದ ಪಶ್ಚಿಮ ಗಡಿನಾಡಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಈ ಪ್ರಶ್ನೆ ಎದ್ದಿತು.

ಮೊದಲನೆಯದು ಜಾನ್ ಗ್ಯಾಸ್ಟ್ 1872ರಲ್ಲಿ ಬರೆದ ‘ಅಮೆರಿಕನ್ ಪ್ರೋಗ್ರೆಸ್’ ಎಂಬ ವರ್ಣಚಿತ್ರ. ಬಿಳಿಯುಡುಗೆಯ ಹೆಣ್ಣೊಬ್ಬಳು ಆಕಾಶದಲ್ಲಿ ಪಶ್ಚಿಮದ ಕಡೆಗೆ ತೇಲುತ್ತಿದ್ದಾಳೆ. ಅವಳ ಬಳಿ ಶಾಲೆಯ ಪುಸ್ತಕ, ಟೆಲಿಗ್ರಾಫ್ ತಂತಿ. ಹಿಂದೆ ಬೆಳಕು, ರೈಲು, ರೈತರು. ಮುಂದೆ ಕತ್ತಲಿನತ್ತ ಓಡುತ್ತಿರುವ ಮೂಲನಿವಾಸಿಗಳು, ಕಾಡೆಮ್ಮೆಗಳು. ಶಾಲಾ ಶಿಕ್ಷಕಿಯಾದ ನನ್ನ ಕಣ್ಣು ಆ ಪುಸ್ತಕದ ಮೇಲೇ ನಿಲ್ಲುತ್ತದೆ. ಓಡುತ್ತಿರುವವರ ಮಕ್ಕಳಿಗೆ ಅದರಲ್ಲಿ ಒಂದು ಪುಟವಾದರೂ ಇದೆಯೇ? ಈ ಚಿತ್ರ ತೀರ್ಪನ್ನು ತಾನೇ ಕೊಟ್ಟು ಮುಗಿಸಿದೆ. ಬರಹಗಾರನಿಗೆ ಹೂಂಗುಟ್ಟುವುದು ಅಥವಾ ಜಗಳಕ್ಕೆ ನಿಲ್ಲುವುದು, ಇವೆರಡೇ ದಾರಿ.

ಎರಡನೆಯದು ಛಾಯಾಚಿತ್ರ. 1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ, ಪೂರ್ವದಿಂದ ಬಂದ ಹಳಿಯೂ ಪಶ್ಚಿಮದಿಂದ ಬಂದ ಹಳಿಯೂ ಕೂಡಿದಾಗ ಆಂಡ್ರ್ಯೂ ರಸೆಲ್ ತೆಗೆದದ್ದು. ಎರಡು ಎಂಜಿನ್‌ಗಳು ಎದುರುಬದುರು ನಿಂತಿವೆ, ಇಬ್ಬರು ಮುಖ್ಯ ಎಂಜಿನಿಯರುಗಳು ಕೈ ಕುಲುಕುತ್ತಿದ್ದಾರೆ, ಸುತ್ತಲೂ ಸೀಸೆ ಎತ್ತಿ ಹಿಡಿದ ಗಂಡಸರ ಗುಂಪು. ಸಿಯೆರಾ ನೆವಾಡದ ಬಂಡೆ ಸಿಡಿಸಿ ಸುರಂಗ ಕೊರೆದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಕೂಲಿಗಳಲ್ಲಿ ಬಹುಪಾಲು ಚೀನೀಯರು. ಹೆಚ್ಚಿನ ಕೂಲಿಗಾಗಿ 1867ರಲ್ಲಿ ಮುಷ್ಕರ ಹೂಡಿದವರೂ ಅವರೇ. ಈ ಗುಂಪಿನಲ್ಲಿ ಅವರ ಮುಖ ಕಣ್ಣಿಗೆ ಬೀಳುವುದಿಲ್ಲ.

ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್ 1980ರಲ್ಲಿ ಪ್ರಕಟಿಸಿದ ‘ಚೈನಾ ಮೆನ್’ ಈ ಖಾಲಿ ಜಾಗದೊಳಕ್ಕೆ ನೇರವಾಗಿ ಕಾಲಿಡುತ್ತದೆ. ಹಳಿ ಹಾಕಿದ ಅಜ್ಜ ಆ ಗೂಂಗ್‌ನನ್ನು ಆಕೆ ಬುಟ್ಟಿಯಲ್ಲಿ ಕೂರಿಸಿ ಕಡಿದಾದ ಬಂಡೆಯಿಂದ ಇಳಿಬಿಡುತ್ತಾರೆ. ಕೆಲಸ ಮುಗಿದ ಮೇಲೆ ಚೀನೀಯರನ್ನು ಹೇಗೆ ಅಟ್ಟಲಾಯಿತು ಎಂದು ಹೇಳುತ್ತಾರೆ. ನಡುವೆ ಒಂದು ಅಧ್ಯಾಯದಲ್ಲಿ 1882ರ ಬಹಿಷ್ಕಾರ ಕಾಯಿದೆಯೂ ಸೇರಿ ಚೀನೀಯರ ವಿರುದ್ಧದ ಕಾನೂನುಗಳನ್ನು ವರ್ಷವಾರು ಜೋಡಿಸಿದ್ದಾರೆ. ಕಥೆಯ ಬಿಸಿಗಿಂತ ಆ ಪಟ್ಟಿಯ ತಣ್ಣನೆಯ ದನಿಯೇ ನನ್ನನ್ನು ಹೆಚ್ಚು ಕಲಕಿತು.

ಇಲ್ಲೊಂದು ಅಪಾಯವೂ ಇದೆ. ಬುಟ್ಟಿಯ ಪ್ರಸಂಗ ನಿಜವಾಗಿ ನಡೆದದ್ದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ಸುಳ್ಳು ಚಿತ್ರವನ್ನು ಅಳಿಸಲು ಹೋಗಿ ಇನ್ನೊಂದನ್ನು ತೂಗುಹಾಕಿದಂತಾಗುವುದಿಲ್ಲವೇ? ಕಿಂಗ್‌ಸ್ಟನ್ ಇದನ್ನು ಬಲ್ಲರು. ತಂದೆ ಅಮೆರಿಕಕ್ಕೆ ಬಂದ ಬಗೆಯನ್ನು ಹೀಗೂ ಇದ್ದಿರಬಹುದು, ಹಾಗೂ ಇದ್ದಿರಬಹುದು ಎಂದು ಬೇರೆ ಬೇರೆಯಾಗಿ ಹೇಳಿ, ಊಹೆಯನ್ನು ಊಹೆಯಾಗಿಯೇ ಉಳಿಸುತ್ತಾರೆ. ಗ್ಯಾಸ್ಟ್‌ನ ಕುಂಚಕ್ಕೆ ಇಲ್ಲದ ಪ್ರಾಮಾಣಿಕತೆ ಇದು.

ರಸೆಲ್ ಒಬ್ಬನನ್ನೇ ದೂರುವಂತೆಯೂ ಇಲ್ಲ. ಕೊನೆಯ ಹಳಿಯನ್ನು ಹಾಕುತ್ತಿರುವ ಚೀನೀಯರ ಚಿತ್ರವನ್ನೂ ಆತ ತೆಗೆದಿದ್ದ. ಜನ ಮತ್ತೆ ಮತ್ತೆ ಅಚ್ಚು ಹಾಕಿದ್ದು ಮಾತ್ರ ಕೈಕುಲುಕುವ ಚಿತ್ರವನ್ನು. ಹಾಗಾಗಿ ತಪ್ಪು ಕ್ಯಾಮೆರಾದ್ದಕ್ಕಿಂತ ಆರಿಸಿಕೊಂಡ ಕೈಗಳದ್ದು. ಕಾರ್ಕಿ ಲೀ ಎಂಬ ಛಾಯಾಗ್ರಾಹಕ 2014ರಲ್ಲಿ ಆ ಕೂಲಿಗಳ ವಂಶಜರನ್ನು ಪ್ರೊಮಾಂಟರಿಗೆ ಕರೆತಂದು ನಿಲ್ಲಿಸಿ ಹೊಸ ಚಿತ್ರ ತೆಗೆದರು. ಕಿಂಗ್‌ಸ್ಟನ್ ಅಕ್ಷರದಲ್ಲಿ ಆರಂಭಿಸಿದ ಕೆಲಸದ ಮುಂದುವರಿಕೆ ಅದು. ಚರಿತ್ರೆಯ ಪಾಠಕ್ಕೆ ಚಿತ್ರ ಆರಿಸುವ ನಾವೂ ಮಕ್ಕಳನ್ನು ಮೊದಲು ಕೇಳಬೇಕಾದ ಪ್ರಶ್ನೆ, “ಇಲ್ಲಿ ಯಾರಿದ್ದಾರೆ?” ಎಂಬುದಲ್ಲ, “ಯಾರು ಇಲ್ಲ?” ಎಂಬುದು.